ಎಂಟು ಡೊಳ್ಳಿನ ಪದಗಳಿಗೆ ಒಂದೇ ಹಾಸು

ಬನಹಟ್ಟಿಯ ನಮ್ಮ ಓಣಿಯಲ್ಲಿ ಹಾಡು ರೆಕಾರ್ಡ್ ಮಾಡಲು ವಾರಕ್ಕೆ ಒಂದೇ ದಿನ ಸಿಗುತ್ತದೆ, ಮಗ್ಗಗಳಿಗೆ ರಜೆ ಇರುವ ದಿನ. ಉಳಿದ ಆರು ದಿನ ಪವರ್‌ಲೂಮ್‌ಗಳ ಸದ್ದು ಗೋಡೆ ದಾಟಿ ಬಂದು ಮೈಕಿನಲ್ಲಿ ಕೂತಿರುತ್ತದೆ. ದಪ್ಪ ಕೌದಿ ತೂಗುಬಿಟ್ಟರೂ ಮಣಿಯುವುದಿಲ್ಲ. ಹಾಗಾಗಿ ಮೊದಲು ಮಗ್ಗ ನಡೆಸುತ್ತಿದ್ದ ನನ್ನ ಸೋದರಮಾವನ ಸ್ಟುಡಿಯೋದಲ್ಲಿ ರಜೆಯ ದಿನ ಹಾಡಿಸಿಕೊಂಡು, ಮಿಕ್ಕ ದಿನ ಹೆಡ್‌ಫೋನ್ ಹಾಕಿಕೊಂಡು ಎಡಿಟಿಂಗ್, ಮಿಕ್ಸಿಂಗ್ ಮಾಡುತ್ತೇವೆ.

ನಾನು ಜಮಖಂಡಿಯ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲೇ ಕಳೆದವಳು. ಮೊದಲಿನಿಂದ ಹೀಗೇ ಮಾಡಿಕೊಂಡು ಬಂದಿದ್ದೇವೆ ಎಂದು ಯಾರಾದರೂ ಹೇಳಿದರೆ, ಅದನ್ನು ಪುರಾವೆ ಎಂದು ಒಪ್ಪಲು ನನ್ನಿಂದಾಗದು. ಮಾವ ಪ್ರತಿ ಹಾಡಿಗೂ ಖಾಲಿ ಫೈಲು ತೆರೆಯುತ್ತಿದ್ದ. ಟ್ರ್ಯಾಕುಗಳಿಗೆ ಮತ್ತೆ ಹೆಸರು ಬರೆದು, ಡೊಳ್ಳಿಗೆ, ತಾಳಕ್ಕೆ, ದನಿಗೆ ಸದ್ದು ತಿದ್ದುವ ಅವೇ ಪ್ಲಗಿನ್‌ಗಳನ್ನು ಮೌಸಿನಿಂದ ಹುಡುಕಿ ಹುಡುಕಿ ಹಚ್ಚುತ್ತಿದ್ದ. ನಿಜವಾಗಿ ಹಾಡು ಕೇಳಬೇಕಾದ ಹೊತ್ತಿಗೆ ಅವನಿಗೆ ದಣಿವಾಗಿರುತ್ತಿತ್ತು. ಒಂದು ಹಾಡಿಗೆ ಎರಡು ದಿನ.

ಹೋದ ವರ್ಷ ಮುಧೋಳದ ಕಡೆಯ ಒಂದು ಡೊಳ್ಳಿನ ಮೇಳ ಬಂತು. ಅದರ ಮುಂದಾಳು ಬೀರೇಶ್ವರನ ಭಕ್ತರು, ಕುರಿ ಕಾಯ್ದು ಕಬ್ಬು ಬೆಳೆದವರು. ನಮ್ಮಲ್ಲಿ ಕಬ್ಬಿನ ಟ್ರ್ಯಾಕ್ಟರುಗಳಿಗೆ ಆಳೆತ್ತರದ ಸೌಂಡ್ ಬಾಕ್ಸ್ ಇರುತ್ತವೆ. ಸಕ್ಕರೆ ಕಾರ್ಖಾನೆಯ ಹಂಗಾಮಿನ ಮೊದಲ ದಿನ ಡ್ರೈವರುಗಳು ಪೆನ್‌ಡ್ರೈವಿಗೆ ಏನು ತುಂಬಿಕೊಳ್ಳುತ್ತಾರೋ, ಹಂಗಾಮು ಮುಗಿಯುವವರೆಗೆ ಊರೂರಲ್ಲಿ ಅದೇ ಕೇಳುತ್ತದೆ. ಇವರೊಂದಿಗೆ ಹಾಡಿನಲ್ಲೇ ಸವಾಲ್ ಜವಾಬಿಗೆ ನಿಲ್ಲುವ ಎದುರು ಮೇಳವೂ ಬೇರೆಲ್ಲೋ ರೆಕಾರ್ಡಿಂಗಿಗೆ ಕೂತಿತ್ತು.

"ಎಂಟು ಪದ ಬೇಕ್ರಿ. ನಾಳೆ ಹಾಡ್ತೇವಿ, ಆರ ದಿನದಾಗ ಕೊಡ್ರಿ," ಎಂದರು ಮುಂದಾಳು. "ಕಾರ್ಖಾನಿ ಚಾಲೂ ಆದಮ್ಯಾಗ ಕೊಟ್ರ, ಲಗ್ನ ಮುಗದಮ್ಯಾಗ ಬಾಸಿಂಗ ತಂದಂಗ."

"ಎಂಟು ಆಗಾಂಗಿಲ್ರಿ ಕಾಕಾ, ಮೂರು ಮಾಡಿಕೊಡ್ತೇನಿ," ಎಂದ ಮಾವ.

"ಎಂಟೂ ಆಗ್ತಾವ್ರಿ," ಎಂದೆ ನಾನು.

ಮಾವ ನನ್ನನ್ನು ಕಟ್ಟೆಯ ಮೇಲೆ ಕರೆದುಕೊಂಡು ಹೋದ. "ಏನ್ ಬೇ, ಇದೇನ್ ಡಿಬೇಟ್ ಐತೇನ? ಮಾತಿಲೆ ಗೆದ್ರ ಹಾಡು ತಯಾರಾಗ್ತಾವೇನ?"

"ಒಂದ್ ಹೇಳ್ ಮಾಮಾ. ನೀ ಮಗ್ಗ ನಡಸೂ ಮುಂದ ಸೀರಿಗೊಂದು ಹಾಸು ಏರಸ್ತಿದ್ದೇನ?"

"ಹುಚ್ಚದೀಯೇನ? ಒಮ್ಮೆ ಹಾಸಿನ ನೂಲು ಮಗ್ಗಕ್ಕ ಏರಿಸಿದ್ರ ಎಷ್ಟೋ ಸೀರಿ ಇಳೀತಾವ."

"ಮತ್ತ ಇಲ್ಲಿ ಯಾಕ ಹಾಡಿಗೊಮ್ಮೆ ಏರಸ್ತಿ?"

"ಕೆಟ್ರ ಅವರ ಮುಂದ ನೀನ ನಿಲ್ಲಬೇಕ್ ನೋಡು," ಎಂದು ಮಾವ ಒಳಗೆ ಹೋದ.

ಮರುದಿನ, ಮಗ್ಗಗಳ ರಜೆಯಲ್ಲಿ, ಎಂಟೂ ಪದ ಹಾಡಿಸಿದೆವು. ಮೊದಲನೆಯದಕ್ಕೆ ನಾನು ಒಂದು ಇಡೀ ದಿನ ಕೊಟ್ಟೆ. ಅದರ ಟ್ರ್ಯಾಕುಗಳ ಸಾಲು, ಬಣ್ಣ, ಪ್ಲಗಿನ್ ಎಲ್ಲವನ್ನೂ ಟೆಂಪ್ಲೇಟ್, ಅಂದರೆ ಅಚ್ಚು, ಮಾಡಿಟ್ಟು ಉಳಿದ ಏಳನ್ನು ಅದರೊಳಗೆ ಇಳಿಸಿದೆ. ಡೊಳ್ಳಿನ ಮೈಕುಗಳನ್ನೆಲ್ಲ ಒಂದು ಗುಂಪು ಮಾಡಿದ್ದರಿಂದ ಒಂದನ್ನು ಕತ್ತರಿಸಿದರೆ ಎಲ್ಲವೂ ಒಟ್ಟಿಗೆ ತುಂಡಾಗುತ್ತಿದ್ದವು. ಕತ್ತರಿಸುವುದು, ಕೂಡಿಸುವುದು, ಮ್ಯೂಟ್ ಮಾಡುವುದು ಎಲ್ಲವೂ ಎಡಗೈಯ ಶಾರ್ಟ್‌ಕಟ್‌ಗಳಿಗೆ ಬಂದವು. ಇನ್ನೂ ವೇಗವಾಗಲಿ ಎಂದು, ದನಿಯಿಲ್ಲದ ಜಾಗವನ್ನು ಸಾಫ್ಟ್‌ವೇರ್ ತಾನೇ ಹುಡುಕಿ ತೆಗೆದುಹಾಕುವ ಸೌಲಭ್ಯವನ್ನು ಎಂಟೂ ಪದಗಳ ಮೇಲೆ ಹಾಯಿಸಿದೆ. ಮೂರನೆಯ ದಿನ ಸಂಜೆಗೆ ಎಡಿಟಿಂಗ್ ಮುಗಿದಿತ್ತು.

ನಾಲ್ಕನೆಯ ದಿನ ಮುಂದಾಳು ಕೇಳಲು ಬಂದರು. ಎರಡು ನುಡಿ ಕೇಳಿ ಕೈ ಎತ್ತಿದರು.

"ನಿಲ್ಸವಾ. ಹೌದು ಅನ್ನಾವ ಎಲ್ಲಿ ಹೋದ?"

ಡೊಳ್ಳಿನ ಪದದಲ್ಲಿ ಹಾಡಿನ ನಡುನಡುವೆ ಮುಂದಾಳು ಕಥೆಯನ್ನು ಮಾತಿನಲ್ಲಿ ಬಿಡಿಸುತ್ತಾರೆ. ಪಕ್ಕದಲ್ಲಿ ನಿಂತವನೊಬ್ಬ ಪ್ರತಿ ಮಾತಿಗೂ ಮೆಲ್ಲಗೆ 'ಹೌದು' ಎನ್ನುತ್ತಿರುತ್ತಾನೆ. ಆ ಸಣ್ಣ ದನಿಯನ್ನು ಸಾಫ್ಟ್‌ವೇರ್ ಮೌನವೆಂದು ತಿಳಿದು ಸವರಿಹಾಕಿತ್ತು. ತಪ್ಪು ನನ್ನದೇ, ನಾನು ಕೇಳಿ ನೋಡಿರಲಿಲ್ಲ. ಆದರೂ ವಾದಿಸಿದೆ.

"ಅದು ಹಾಡಿನ ಭಾಗ ಅಲ್ಲಲ್ರಿ ಕಾಕಾ. ತಗದ್ರ ನಿಮ್ಮ ಮಾತು ಇನ್ನೂ ಸ್ವಚ್ಛ ಕೇಳತೈತಿ."

"ನೀ ಭಾಷಣದಾಗ ಬಾಳ ಶಾಣ್ಯಾಕಿ ಅಂತ ನಿಮ್ಮ ಮಾಮಾ ಹೇಳಿದ. ಖಾಲಿ ಕುರ್ಚಿ ಮುಂದ ಭಾಷಣ ಮಾಡೀಯೇನು?"

"ಇಲ್ರಿ."

"ಮತ್ತ ನನ್ನ ಯಾಕ ಅಂಥಾ ಕುರ್ಚಿ ಮುಂದ ನಿಲ್ಲಿಸಿದಿ? ಎದುರಿನ ಮ್ಯಾಳದವ್ರು ಕೇಳಿದ್ರ ಏನಂತಾರ? ಇವನ ಮಾತಿಗೆ ಇವನ ಮಂದೀನ ಹೌದು ಅನ್ಲಿಲ್ಲ ಅಂತಾರ."

ಹೊರಗೆ ಮಗ್ಗಗಳು ಓಡುತ್ತಿದ್ದವು, ಮತ್ತೆ ಹಾಡಿಸುವಂತಿರಲಿಲ್ಲ. ಮುಂದಿನ ರಜೆಯ ಹೊತ್ತಿಗೆ ಟ್ರ್ಯಾಕ್ಟರುಗಳು ರಸ್ತೆಗೆ ಇಳಿದಿರುತ್ತಿದ್ದವು. ಮಾವ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ.

ನಾನು ಬೇರೆಯವರನ್ನು ಮಾತ್ರ ಅನುಮಾನಿಸುವವಳಲ್ಲ, ನನ್ನ ಕೈಯನ್ನೂ ನಂಬುವುದಿಲ್ಲ. ಪ್ರತಿ ಹಂತಕ್ಕೆ ಮೊದಲು ಒಂದು ಪ್ರತಿ ಉಳಿಸಿಟ್ಟಿದ್ದೆ. ಟೆಂಪ್ಲೇಟ್ ಒಂದೇ ಆದ್ದರಿಂದ ಹೌದು ಎನ್ನುವವನ ದನಿ ಎಂಟೂ ಪದಗಳಲ್ಲಿ ಟ್ರ್ಯಾಕುಗಳ ಆರನೆಯ ಸಾಲಿನಲ್ಲೇ ಇತ್ತು. ಹಳೆಯ ಪ್ರತಿಯಿಂದ ಆ ಸಾಲನ್ನು ಎತ್ತಿ ಹೊಸದರಲ್ಲಿ ಅದೇ ಜಾಗಕ್ಕೆ ಇಡುವುದು, ಎಂಟು ಸಲ. ಮುಂದಾಳು ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಅಗಿದು ಮುಗಿಸುವುದರೊಳಗೆ ಎಂಟೂ ಪದಗಳ 'ಹೌದು'ಗಳು ತಮ್ಮ ಜಾಗಕ್ಕೆ ಬಂದು ಕೂತವು. ಅವರು ಮೊದಲಿಂದ ಹಾಕಿಸಿ ಕೇಳಿದರು.

"ಈಗ ನೋಡ, ಮಂದಿ ಬಂದ್ರು," ಎಂದರು.

ಇಲ್ಲಿ ನಾನು ವಿನಯ ತೋರಿಸುವುದಿಲ್ಲ. ಮಾವನಂತೆ ಕೈಯಿಂದಲೇ ಕತ್ತರಿಸಿದ್ದರೆ ಆ ದನಿಯನ್ನು ಕಳೆದುಕೊಳ್ಳುತ್ತಿರಲಿಲ್ಲ, ಅದು ಅವನ ಪರವಾದ ನ್ಯಾಯವಾದ ವಾದ. ಆದರೆ ಅದು ಉಳಿಯುತ್ತಿದ್ದುದು ಆರು ದಿನದಲ್ಲಿ ಮುಗಿಯುವ ಮೂರೇ ಪದಗಳಲ್ಲಿ. ನನ್ನ ಪದ್ಧತಿ ತಪ್ಪನ್ನು ಎಂಟು ಪಟ್ಟು ಮಾಡಿತು, ತಿದ್ದುವುದನ್ನೂ ಅಷ್ಟೇ ಸಲೀಸು ಮಾಡಿತು. ಅಂದಿನಿಂದ ಆರನೆಯ ಸಾಲಿಗೆ ಬೀಗ ಹಾಕಿದ್ದೇನೆ, ಯಾವ ಶಾರ್ಟ್‌ಕಟ್ಟೂ ಅದನ್ನು ಮುಟ್ಟುವುದಿಲ್ಲ.

ಆರನೆಯ ದಿನ ಮಧ್ಯಾಹ್ನ ಮುಧೋಳ ರಸ್ತೆಯ ಪಕ್ಕ ಮುಂದಾಳುವಿಗೆ ಪರಿಚಯವಿದ್ದ ಡ್ರೈವರನ ಟ್ರ್ಯಾಕ್ಟರಿಗೆ ಪೆನ್‌ಡ್ರೈವ್ ಹಾಕಿದೆವು. ಎಂಜಿನ್ ಬಂದ್ ಮಾಡಲು ಹೋದ ಡ್ರೈವರನನ್ನು ನಾನು ತಡೆದೆ. ಎಂಜಿನ್ ಗುಡುಗಿನ ನಡುವೆಯೂ ಡೊಳ್ಳು ಎದೆಗೆ ಬಂತು, ಮಾತು ಬಂತು, ಅದರ ಹಿಂದೆಯೇ 'ಹೌದು' ಬಂತು.

"ಎದುರಿನ ಮ್ಯಾಳದವ್ರದು ಬಂತೇನೋ?" ಎಂದು ಮುಂದಾಳು ಕೇಳಿದರು.

"ಎರಡ ಆಗ್ಯಾವಂತ್ರಿ. ಎರಡ ಹಾಡು ಇಟಗೊಂಡು ಕಾರ್ಖಾನಿ ಮಟಾ ಹೆಂಗ್ ಹೋಗೂದ್ರಿ?" ಎಂದ ಡ್ರೈವರ್.

ಮಾವ ನನ್ನ ಕಡೆ ತಿರುಗಿ, "ಎಂಟೂ ಒಂದ ನಮೂನಿ ಬಂದಾವ," ಎಂದ. ಅವನ ಬಾಯಿಂದ ಅಷ್ಟು ಬಂದರೆ ಬಹುಮಾನ ಬಂದಂತೆ.

ಸಂಜೆ ಬೈಕಿನಲ್ಲಿ ಬನಹಟ್ಟಿಗೆ ಹಿಂತಿರುಗುವಾಗ ಎದುರಿನಿಂದ ಖಾಲಿ ಟ್ರಾಲಿಗಳ ಟ್ರ್ಯಾಕ್ಟರೊಂದು ಬಂತು. ಕೈಯಿಂದ ಕೈಗೆ ನಕಲಾಗಿ ದಾಟಿದ ನಮ್ಮ ಮೂರನೆಯ ಪದ ಅದರಲ್ಲಿ ಆಗಲೇ ಹಾಡುತ್ತಿತ್ತು. ಆ ಡ್ರೈವರ್ ಯಾರೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.