ಪಾಯಸದ ಗಸಗಸೆ, ಶರಬತ್ತಿನ ಕಸ್‌ಕಸ್

ಎಂ.ಎ.ಯಲ್ಲಿ ನಾನು ಬರೆದ ಪ್ರಬಂಧ ಅಫೀಮಿನ ಮೇಲೆ. ಬ್ರಿಟಿಷ್ ಇಂಡಿಯಾ ಸರ್ಕಾರ ಹರಾಜು ಕೈಬಿಟ್ಟು ಪೂರ್ವದ ಬೇರೆ ವಸಾಹತು ಸರ್ಕಾರಗಳಿಗೆ ನೇರವಾಗಿ ಅಫೀಮು ಮಾರಿದ ಕಾಲದ್ದು. ಅಲ್ಲೆಲ್ಲ ಅದನ್ನು ಜನರಿಗೆ ಮಾರುವ ಹಕ್ಕು ಸರ್ಕಾರಕ್ಕೆ ಮಾತ್ರ. ವರ್ಷಕ್ಕೆ ಎಷ್ಟು ಪೆಟ್ಟಿಗೆ, ಎಂಥ ಮಾಲು ಎಂದು ಅಧಿಕಾರಿಗಳು ಬಹಳ ಸಭ್ಯವಾಗಿ ಚೌಕಾಸಿ ಮಾಡುತ್ತಿದ್ದರು. ನನಗೆ ಹಾಗೆಂದು ನೆನಪು. ಪ್ರಬಂಧದ ಪ್ರತಿ ಈಗ ನನ್ನಲ್ಲಿಲ್ಲ.

ಮಸ್ಕತ್ತಿನ ಅಲ್ ಮಬೇಲಾದಲ್ಲಿ ನಮ್ಮ ಪಕ್ಕದ ಮನೆಯವರು ಪುತ್ತೂರಿನ ಕಡೆಯವರು. ಒಂದು ಶುಕ್ರವಾರ ಅವರಲ್ಲಿ ಊಟ ಮಾಡುತ್ತ ಇದನ್ನೇ ಹೇಳುತ್ತಿದ್ದೆ. ಮರುದಿನ ಅವರ ತಾಯಿ ಮೊದಲ ಸಲ ಮಂಗಳೂರಿನಿಂದ ಬರುವವರಿದ್ದರು.

"ನಿಮ್ಮಮ್ಮ ಗಸಗಸೆ ಪಾಯಸ ಮಾಡ್ತಾರಾ?" ಎಂದೆ.

"ಮಾಡ್ತಾರೆ ಮಾರಾಯ್ರೆ, ಎಂತ?"

"ಅದು ಅಫೀಮು ಗಿಡದ್ದೇ ಬೀಜ. ಇಲ್ಲಿಗೆ ತರೋ ಹಾಗಿಲ್ಲ. ಏರ್‌ಪೋರ್ಟಲ್ಲಿ ಸಿಕ್ಕಿದ್ರೆ ಹಿಡಿದು ಕೂರಿಸ್ತಾರೆ."

ಅವರು ಎಂಜಲು ಕೈಯಲ್ಲೇ ಫೋನ್ ಮಾಡಿದರು. ತುಳು ಮಾತಿನ ನಡುವೆ ನನಗೆ ತಿಳಿದದ್ದು 'ಕಸ್‌ಕಸ್' ಒಂದೇ. ಹಿಂದಿಯವರು ಗಸಗಸೆಗೆ ಹೇಳುವ ಹೆಸರು. ಅಮ್ಮ ತೆಗೆದಿಡಲು ಒಪ್ಪಿದರಂತೆ. "ಖಲಾಸ್" ಎಂದು ಮತ್ತೆ ಊಟಕ್ಕೆ ಕೂತರು.

ಮರುದಿನ ಮಂಗಳೂರಿನ ವಿಮಾನ ನಿಲ್ದಾಣದಿಂದ ಮಗನಿಗೆ ತಾಯಿಯ ಕರೆ ಬಂತು; ಅವರು ಸ್ಪೀಕರ್ ಹಾಕಿದರು. ನಾನೂ ಇದ್ದೇನೆಂದು ತಿಳಿದು ತಾಯಿ ಕನ್ನಡಕ್ಕೆ ತಿರುಗಿದರು.

"ನಿಮ್ಮ ಮಾತಿಗೆ ಕಸ್‌ಕಸ್ ತೆಗೆದಿಟ್ಟೆ ಮಗಾ. ಇನ್ನು ಲಿಂಬೆ ಶರಬತ್ತಿಗೆ ಎಂತ ಹಾಕುದು?"

ಅವರ ಮನೆಯಲ್ಲಿ ಕಸ್‌ಕಸ್ ಎಂದರೆ ಕಾಮಕಸ್ತೂರಿ ಬೀಜ!

"ಅಮ್ಮಾ, ಪಾಯಸದ್ದು?"

"ಗಸಗಸೆಯಾ? ಅದು ಉಂಟು. ಚೆಲ್ಲಬಾರದು ಅಂತ ಅಕ್ಕಿಹಿಟ್ಟಿನ ಒಳಗೆ ಹುಗಿದಿಟ್ಟಿದ್ದೇನೆ."

ಮಗ ಕಿರುಚಿದರು. ಪುಣ್ಯಕ್ಕೆ ಬ್ಯಾಗು ಇನ್ನೂ ಒಳಗೆ ಹೋಗಿರಲಿಲ್ಲ. ಬಿಡಲು ಬಂದಿದ್ದ ತಮ್ಮನ ಕೈಗೆ ಹಿಟ್ಟಿನ ಸಮೇತ ಕೊಟ್ಟು ತಾಯಿ ವಿಮಾನ ಹತ್ತಿದರು. ಸಂಜೆ ಮಸ್ಕತ್ತಿನಲ್ಲಿ ಯಾರೂ ಅವರನ್ನು ತಡೆಯಲಿಲ್ಲ.

ಕಸ್‌ಕಸ್ ಎಂಬ ಮಾತನ್ನು ಮೊದಲು ನಾನೇ ಆಡಿದೆ ಎಂದು ಮಗ ಇಂದಿಗೂ ವಾದಿಸುತ್ತಾರೆ. ನಾನು ಹೇಳಿದ್ದು ಗಸಗಸೆ ಎಂದೇ ಮೇಲೆ ಬರೆದಿದ್ದೇನೆ. ಬರೆದ ಮೇಲೂ ಅನುಮಾನ ಹೋಗಿಲ್ಲ. ನಾನು ಕೆಲಸ ಮಾಡುವ ಕಾರ್ಖಾನೆಯಲ್ಲಿ ದಿನವಿಡೀ ನನ್ನ ಬಾಯಲ್ಲಿ ಹಿಂದಿಯೇ.

ಮೊನ್ನೆ ತಾಯಿ ಮತ್ತೆ ಇಲ್ಲಿಗೆ ಹೊರಟರು. ಏನು ತರಬಾರದೆಂದು ನಾವು ಹೇಳತೊಡಗಿದಾಗ, "ನಿಮ್ಮಿಬ್ಬರ ಬಾಯಿ ಬೇಡ" ಎಂದು ಬ್ಯಾಗು ಬಿಚ್ಚಿ, ಒಂದೊಂದೇ ಪೊಟ್ಟಣವನ್ನು ವಿಡಿಯೊದಲ್ಲಿ ತೋರಿಸಿದರು.