ಏಳಕ್ಕೂ ಎಂಟಕ್ಕೂ ನಡುವೆ ಒಂದು ಸನ್ಮಾನ

ಹೋದ ತಿಂಗಳು ಒಂದು ಭಾನುವಾರ ಹೊಸಪೇಟೆಯ ನಮ್ಮ ಮನೆಯ ಡೈನಿಂಗ್ ಟೇಬಲ್ ಸುತ್ತ ಅರವತ್ತರ ಆಚೀಚಿನ ನಾಲ್ವರು ಗಂಡಸರು ಕೂತು ಜಗಳವಾಡಿದರು. ಆಸ್ತಿಗಲ್ಲ. ರಾಜಕೀಯಕ್ಕೂ ಅಲ್ಲ. ಹನ್ನೆರಡು ಹಾಡುಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದಕ್ಕೆ.

ಎರಡು ಸಲ ಚಹಾ ಆಯಿತು. ಒಬ್ಬರು ಎದ್ದು ಚಪ್ಪಲಿ ಮೆಟ್ಟಿಕೊಂಡರು. ಯಾರೂ ಕರೆಯದಿದ್ದಾಗ ತಾವೇ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು. ಕೊನೆಗೆ ಗಿಟಾರ್ ನುಡಿಸುವ ಸಂಡೂರಿನ ಶೇಖರ ನನ್ನ ಕಡೆ ತಿರುಗಿದ.

"ಅಕ್ಕಾರ, ಲಿಸ್ಟು ನೀವ ಬರ್ದುಕೊಡ್ರಿ."

"ನನಗ ಸಂಗೀತದ ಗಂಧಗಾಳಿ ಇಲ್ಲಪ್ಪ."

"ಅದಕ್ಕ ಹೇಳಿದ್ದು."

ಹೀಗೆ ನಾನು ಒಂದು ರಾಕ್ ಬ್ಯಾಂಡಿನ ಹಾಡುಗಳನ್ನು ಆರಿಸುವ ಹುದ್ದೆಗೆ ನೇಮಕವಾದೆ. ಏನೂ ಗೊತ್ತಿಲ್ಲ ಅನ್ನುವ ಒಂದೇ ಅರ್ಹತೆಯ ಮೇಲೆ. (ಹಾಗೆ ನೇಮಕವಾದವರು ನಮ್ಮ ದೇಶದಲ್ಲಿ ನಾನೊಬ್ಬಳೇ ಅಲ್ಲ ಎಂಬ ಸಮಾಧಾನ ಇದೆ.)

ಬ್ಯಾಂಡಿನ ಹೆಸರು ಪವರ್ ಕೆನಾಲ್. ನಮ್ಮೂರಿನ ಕಾಲುವೆಯ ಹೆಸರನ್ನೇ ಇಟ್ಟುಕೊಂಡಿದ್ದಾರೆ. ಇವರೆಲ್ಲ ಕಾಲೇಜಿನಲ್ಲಿದ್ದಾಗ, ಹಂಪಿಗೆ ಬಂದ ವಿದೇಶಿಯೊಬ್ಬ ಬಿಟ್ಟುಹೋದ ಗಿಟಾರಿನಿಂದ ಶುರುವಾದದ್ದು. ಬೇರೆಯವರ ಹಾಡು ಹಾಡುವುದಿಲ್ಲ, ಎಲ್ಲ ತಮ್ಮದೇ, ಎಲ್ಲ ಕನ್ನಡದಲ್ಲೇ. ಡ್ರಮ್ಸ್ ನಮ್ಮನೆಯವರದು. ಡ್ಯಾಮಿನ ಆಫೀಸಿನಲ್ಲಿದ್ದು ಈಗ ರಿಟೈರ್ ಆಗಿದ್ದಾರೆ. ಕೀಬೋರ್ಡು ಗಾದಿಗನೂರಿನ ಮೇಷ್ಟ್ರದು. ಹಾಡುವವರು ವಿರುಪಾಕ್ಷಣ್ಣ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇದೆ, ಗಿರಣಿಯ ಹಿಂದಿನ ಗೋಡೌನಿನಲ್ಲೇ ಪ್ರಾಕ್ಟೀಸು. ಬಿಳಿ ಶರ್ಟು, ಹಣೆಗೆ ವಿಭೂತಿ, ಜೇಬಿನಲ್ಲಿ ಒಂದು ಹಳೆಯ ಮೌತ್ ಆರ್ಗನ್. ದಾರಿಯಲ್ಲಿ ನೋಡಿದರೆ ಇವರು ರಾಕ್ ಹಾಡುತ್ತಾರೆ ಅಂತ ನೀವು ಬೆಟ್ ಕಟ್ಟುವುದಿಲ್ಲ.

ಲಿಸ್ಟು ಬರೆಯುವುದು ಸುಲಭ ಅಂದುಕೊಂಡಿದ್ದೆ. ಒಳ್ಳೆಯ ಹಾಡು ಹಾಕುವುದು, ಸಾಧಾರಣದ್ದು ಬಿಡುವುದು, ಅಷ್ಟೇ ತಾನೇ?

ಅಷ್ಟೇ ಅಲ್ಲ. ನಮ್ಮನೆಯವರಿಗೆ ಮಂಡಿನೋವು, ಜೋರಿನ ಹಾಡು ಎರಡು ಒಟ್ಟಿಗೆ ಬರಕೂಡದು. ಮೇಷ್ಟ್ರಿಗೆ ಶುಗರ್ ಇದೆ, ಐದನೆಯ ಹಾಡಿಗೆ ಕೀಬೋರ್ಡ್ ಇರಕೂಡದು, ಅವರು ಹಿಂದಕ್ಕೆ ಹೋಗಿಬರಬೇಕು. ವಿರುಪಾಕ್ಷಣ್ಣನಿಗೆ ಮೊದಲ ಹಾಡು ಮೆತ್ತಗಿರಬೇಕು, ಗಂಟಲು ಬಿಸಿಯಾಗಬೇಕು. ನಾನು ಬರೆದ ಹಾಳೆಯನ್ನು ಯಾರಾದರೂ ನೋಡಿದ್ದರೆ ಹಾಡಿನ ಪಟ್ಟಿ ಅನ್ನುತ್ತಿರಲಿಲ್ಲ, ಡಾಕ್ಟರ ಕೈಗೆ ಕೊಡುತ್ತಿದ್ದರು.

ಇದರ ಮೇಲೆ ಮಿರ್ಚಿ ಹಾಡಿನ ಗಲಾಟೆ. ಜನ ಎದ್ದು ಮಿರ್ಚಿ ಬಜ್ಜಿ ತಿನ್ನಲು ಹೋಗುವ ಹಾಡಿಗೆ ಇವರು ಇಟ್ಟ ಹೆಸರು ಅದು. ಪ್ರತಿ ಕಾರ್ಯಕ್ರಮದಲ್ಲೂ ಒಂದು ಇರುತ್ತದೆ. ಅದು ಯಾವಾಗಲೂ ಹೊಸ ಹಾಡು, ಮತ್ತು ಯಾವಾಗಲೂ ಶೇಖರ ಬರೆದದ್ದು. "ಈ ಸಲ ಬ್ಯಾರೇ ಯಾರದರ ಹಾಡಿಗೆ ಮಿರ್ಚಿ ತಿನಿಸ್ರಿ ಅಕ್ಕಾರ," ಅಂತ ಅವನು ಫೋನ್ ಮಾಡಿ ಕೇಳಿಕೊಂಡ.

ಯೂಟ್ಯೂಬಿನಲ್ಲಿ ನೋಡಿದೆ. ಎಪ್ಪತ್ತು ದಾಟಿದ ವಿದೇಶಿ ಬ್ಯಾಂಡಿನವರ ಪಾಡೂ ಇದೇ. ಹಾಡುವವರಿಗೆ ಹೊಸದು ಬೇಕು, ಕೇಳುವವರಿಗೆ ಹಳೆಯದೇ ಬೇಕು. ದುಡ್ಡು ಕೊಟ್ಟು ಬಂದವರು ಹಾಡು ಕೇಳಲು ಬಂದಿರುವುದಿಲ್ಲ, ತಮ್ಮ ಇಪ್ಪತ್ತರ ವಯಸ್ಸನ್ನು ಒಮ್ಮೆ ಮುಟ್ಟಿ ಹೋಗಲು ಬಂದಿರುತ್ತಾರೆ. ಮಿರ್ಚಿಯ ಜಾಗದಲ್ಲಿ ಅವರು ಬಿಯರ್ ಕುಡಿಯುತ್ತಾರೆ, ಅಷ್ಟೇ ವ್ಯತ್ಯಾಸ.

ಪವರ್ ಕೆನಾಲಿನ ಹಳೆಯ ಹಾಡುಗಳಲ್ಲಿ ಒಂದಿದೆ. ಕಾಲುವೆಗೆ ನೀರು ಬಿಟ್ಟ ದಿನದ ಹಾಡು. ಇದಿಲ್ಲದೆ ಜನ ಇವರನ್ನು ಸ್ಟೇಜಿನಿಂದ ಇಳಿಯಲು ಬಿಡುವುದಿಲ್ಲ. ಮೊದಲ ನಾಲ್ಕು ಸಾಲಿಗೆ ವಾದ್ಯವೇ ಇಲ್ಲ, ಬರೀ ಧ್ವನಿ. ಆಮೇಲೆ ಡ್ರಮ್ಸು, ಗಿಟಾರು, ಕೀಬೋರ್ಡು ಒಟ್ಟಿಗೆ ಸೇರುತ್ತವೆ. ಮೂರನೆಯ ಚರಣದಲ್ಲಿ 'ನೀರು' ಎಂಬ ಒಂದು ಮಾತನ್ನು ವಿರುಪಾಕ್ಷಣ್ಣ ಮೇಲಕ್ಕೆ ಒಯ್ದು ಅಲ್ಲೇ ನಿಲ್ಲಿಸುತ್ತಾರೆ. ನನ್ನಂಥ ಕಿವುಡಿಗೂ ಆ ಜಾಗದಲ್ಲಿ ರೋಮ ಏಳುತ್ತದೆ.

ಲಿಸ್ಟು ಕೊಡುವ ಹಿಂದಿನ ದಿನ ಶೇಖರ ಮನೆಗೆ ಬಂದ. ನಮ್ಮನೆಯವರೂ ಅವನೂ ಅಡುಗೆಮನೆಗೇ ಬಂದು ನಿಂತರು. ಗಂಡಸರು ತಾವಾಗಿ ಅಡುಗೆಮನೆಗೆ ಬಂದರೆ ಏನೋ ಎಡವಟ್ಟಾಗಿದೆ ಅಂತ ಅರ್ಥ.

"ಅಕ್ಕಾರ, ನೀರಿನ ಹಾಡು ಎಂಟನೇದಕ್ಕ ಇರ್ಲಿ. ಏಳನೇದು ಮುಗೀತಿದ್ದಂಗ ಎಂಟು. ಹಿಂದುಮುಂದು ಮಾಡಬ್ಯಾಡ್ರಿ."

"ಯಾಕೋ?"

ಅವನು ನಮ್ಮನೆಯವರ ಮುಖ ನೋಡಿದ. ಅವರು ಕಣ್ಣಲ್ಲೇ ಹೇಳು ಅಂದರು.

"ವಿರುಪಾಕ್ಷಣ್ಣಾಗ ಗೊತ್ತಾಗಬಾರದು ನೋಡ್ರಿ ಮತ್ತ. ನಾಕು ವರ್ಷಾತು, ನಾವು ಶ್ರುತಿ ಇಳಿಸೀವಿ."

ಕಥೆ ಇಷ್ಟು. ನಾಲ್ಕು ವರ್ಷದ ಹಿಂದೆ ಗೋಡೌನಿನಲ್ಲಿ ಪ್ರಾಕ್ಟೀಸ್ ಮಾಡುವಾಗ ನೀರಿನ ಹಾಡಿನ ಆ ಎತ್ತರದ ಮಾತು ವಿರುಪಾಕ್ಷಣ್ಣನಿಗೆ ಬರಲಿಲ್ಲ. ಮೂರು ಸಲ ಎತ್ತಿದರು, ಮೂರು ಸಲವೂ ಒಡೆಯಿತು. "ಇದು ಬರದ ದಿನ ನಾ ಮೈಕ್ ಮುಟ್ಟಂಗಿಲ್ಲ," ಅಂದು ಎದ್ದು ಹೋದರು. ಅವರು ಆಡಿದ ಮಾತಿಗೆ ತಪ್ಪುವವರಲ್ಲ. ಮುಂದಿನ ವಾರ ಬರುವಷ್ಟರಲ್ಲಿ ಶೇಖರ ಗಿಟಾರಿನ ತಂತಿಗಳನ್ನು ಸ್ವಲ್ಪ ಸಡಿಲಿಸಿದ್ದ. ಕೀಬೋರ್ಡಿನಲ್ಲಿ ಅದಕ್ಕೆ ಒಂದು ಬಟನ್ನೇ ಇದೆ, ಮೇಷ್ಟ್ರು ಒತ್ತಿದರು. ಬೆರಳು ಇಡುವ ಜಾಗ ಅದೇ, ಹಾಡು ಅದೇ, ಎತ್ತರ ಮಾತ್ರ ಕಡಿಮೆ. ವಿರುಪಾಕ್ಷಣ್ಣನಿಗೆ ಆ ಮಾತು ಬಂತು. ಅವರು ಅತ್ತರಂತೆ.

ಗಿಟಾರಿನ ಕತ್ತಿನ ಮೇಲೆ ಅಡ್ಡಗೆರೆಗಳಿರುತ್ತವಲ್ಲ, ಎರಡು ಗೆರೆಯ ನಡುವಿನ ಜಾಗಕ್ಕೆ ಇವರು ಮನೆ ಅನ್ನುತ್ತಾರೆ. ಮೊದಲು ಇಳಿಸಿದ್ದು ಒಂದು ಮನೆ. ಎರಡು ವರ್ಷ ಬಿಟ್ಟು ಇನ್ನೊಂದು. ಆ ನೀರಿನ ಹಾಡು ಬರೀ ಧ್ವನಿಯಿಂದ ಶುರುವಾಗುವುದರಿಂದ, ಅದರ ಹಿಂದಿನ ಹಾಡು ಮುಗಿದ ಸ್ವರದಿಂದಲೇ ಅಣ್ಣ ಎತ್ತಿಕೊಳ್ಳುವಂತೆ ಜೋಡಿಸಿದ್ದರು. ಅದಕ್ಕೇ ಏಳಾದ ಕೂಡಲೇ ಎಂಟು. (ಈ ಜೋಡಣೆಯ ವಿಷಯ ಮಾತ್ರ ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ.)

ಇತ್ತ ವಿರುಪಾಕ್ಷಣ್ಣ ಕಂಪ್ಲಿ ಬಸ್ ಸ್ಟ್ಯಾಂಡಿನಿಂದ ಹಿಡಿದು ಬೀಗರ ಮನೆಯವರೆಗೆ ಹೇಳಿಕೊಂಡು ತಿರುಗಿದರು. "ಅರವತ್ತೆರಡಾತು. ಧ್ವನಿ ಹಂಗ ಐತಿ ನೋಡು." ನನಗೂ ಹೇಳಿದ್ದರು. ನಾನೂ ಹೌದಣ್ಣ ಅಂದಿದ್ದೆ, ಆಗ ನಿಜವಾಗಿಯೇ ನಂಬಿ.

ಗುಟ್ಟು ತಿಳಿದ ಮೇಲೆ ನನಗೆ ಅದು ತಪ್ಪು ಅನ್ನಿಸಿತೇ? ಇಲ್ಲ. ಚೆನ್ನಾಗಿಯೇ ಮಾಡಿದ್ದಾರೆ ಅನ್ನಿಸಿತು. ಸ್ನೇಹ ಅಂದರೆ ಇದು ಅಂತ ಒಂದು ಅಂಕಣಕ್ಕಾಗುವಷ್ಟು ಮನಸ್ಸಿನಲ್ಲೇ ಬರೆದೂ ಇಟ್ಟಿದ್ದೆ. (ಆ ಅಂಕಣ ನೀವು ಓದುತ್ತಿಲ್ಲ.)

ಕಾರ್ಯಕ್ರಮ ಇದ್ದದ್ದು ಸಂಡೂರಿನಲ್ಲಿ, ಒಂದು ಕ್ಲಬ್ಬಿನ ವಾರ್ಷಿಕೋತ್ಸವ. ಎರಡು ದಿನ ಮೊದಲು ಅಲ್ಲಿನ ಸೆಕ್ರೆಟರಿ ನನಗೇ ಫೋನ್ ಮಾಡಿದರು. ಲಿಸ್ಟು ನನ್ನದಲ್ಲವೇ.

"ಮೇಡಮ್, ನಡುವ ವಿರುಪಾಕ್ಷಪ್ಪನೋರಿಗೆ ಒಂದು ಸಣ್ಣ ಸನ್ಮಾನ ಐತ್ರಿ. ಹತ್ತು ನಿಮಿಷ. ಎಲ್ಲಿ ಇಡಾಣ?"

ಹಾಳೆ ನೋಡಿದೆ. ಎಂಟನೆಯ ಹಾಡಿಗೆ ಮೊದಲು ಹತ್ತು ನಿಮಿಷ ಸಿಕ್ಕರೆ ಪಾಪ, ಅವರ ಗಂಟಲಿಗೆ ವಿಶ್ರಾಂತಿ ಅಂದುಕೊಂಡೆ. ಹಾಡುಗಳನ್ನು ಹಿಂದುಮುಂದು ಮಾಡಲಿಲ್ಲ ನೋಡಿ. ಏಳು ಏಳರಲ್ಲೇ ಇತ್ತು, ಎಂಟು ಎಂಟರಲ್ಲೇ ಇತ್ತು. ನಡುವೆ ಸನ್ಮಾನ ಇಟ್ಟೆ. ಮನೆಯಲ್ಲಿ ಹೇಳುವುದನ್ನೂ ಮರೆತೆ. ಏನೂ ಗೊತ್ತಿಲ್ಲದವರಿಂದ ಹೆದರಿಕೆ ಇಲ್ಲ. ಅರ್ಧ ಗೊತ್ತಾದವರಿಂದಲೇ ಅನಾಹುತ.

ಹತ್ತು ನಿಮಿಷದ ಸನ್ಮಾನ ಅರ್ಧ ಗಂಟೆ ಹಿಡಿಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ, ಮೂರು ಭಾಷಣ. ಒಬ್ಬರಂತೂ "ಇವರ ಕಂಠಕ್ಕೆ ವಯಸ್ಸೇ ಆಗಿಲ್ಲ" ಅಂದರು. ವಿರುಪಾಕ್ಷಣ್ಣ ಕೈ ಮುಗಿದರು. ಶೇಖರ ಗಿಟಾರಿನ ಕಡೆ ನೋಡುತ್ತ ನಿಂತಿದ್ದ.

ಭಾಷಣ ಮುಗಿದಾಗ ಮೇಷ್ಟ್ರು ಇನ್ನೂ ಹಿಂದಿನಿಂದ ಬಂದಿರಲಿಲ್ಲ. ಜನ ಆಗಲೇ ನೀರಿನ ಹಾಡು, ನೀರಿನ ಹಾಡು ಅನ್ನತೊಡಗಿದ್ದರು. ವಿರುಪಾಕ್ಷಣ್ಣ ಶಾಲನ್ನು ಕುರ್ಚಿಗೆ ಹಾಕಿದರು. ಆಮೇಲೆ ಜೇಬಿಗೆ ಕೈ ಹಾಕಿ ಮೌತ್ ಆರ್ಗನ್ ತೆಗೆದು ಒಂದು ಸ್ವರ ಊದಿದರು. ಕಾಲೇಜಿನ ದಿನಗಳಲ್ಲಿ ಹಾಗೇ ಶ್ರುತಿ ಹಿಡಿಯುತ್ತಿದ್ದರಂತೆ.

ಗಿಟಾರಿನ ತಂತಿ ಸಡಿಲಿಸಬಹುದು. ಕೀಬೋರ್ಡಿಗೆ ಬಟನ್ ಇದೆ. ಮೌತ್ ಆರ್ಗನ್ನಿಗೆ ಎರಡೂ ಇಲ್ಲ.

ಹಾಡು ಎತ್ತಿಕೊಂಡರು. ಹಳೆಯ ಎತ್ತರಕ್ಕೆ. ನನಗೇನೂ ತಿಳಿಯಲಿಲ್ಲ. ಆದರೆ ಡ್ರಮ್ಸ್ ಹಿಂದೆ ಕೂತಿದ್ದ ನಮ್ಮನೆಯವರ ಮುಖ ನೋಡಿದೆ. ಮೂವತ್ತೈದು ವರ್ಷ ಸಂಸಾರ ಮಾಡಿದ್ದೇನೆ, ಆ ಮುಖ ಹಾಗೆ ಯಾವಾಗ ಆಗುತ್ತದೆ ಅಂತ ಗೊತ್ತು.

ಓಡಿ ಬಂದ ಮೇಷ್ಟ್ರು ಬಟನ್ ಒತ್ತಿ ಮೊದಲಿನ ಶ್ರುತಿಗೆ ಹೋದರು. ಶೇಖರ ಅಭ್ಯಾಸಬಲದಿಂದ ಹಳೆಯ ಜಾಗದಲ್ಲೇ ಬೆರಳಿಟ್ಟು ಒಮ್ಮೆ ಮೀಟಿಬಿಟ್ಟ. ಅದು ನನಗೂ ಕೇಳಿಸಿತು, ಹಲ್ಲು ಜುಮ್ ಅಂದಿತು. ತಕ್ಷಣ ಅವನು ಕೈಯನ್ನು ಎರಡು ಮನೆ ಮೇಲಕ್ಕೆ ಸರಿಸಿದ. ಸರಿಹೋಯಿತು.

ಆದರೆ ವಿರುಪಾಕ್ಷಣ್ಣ ತಿರುಗಿ ನೋಡಿದ್ದರು. ಆ ಹಾಡಿಗೆ ಶೇಖರನ ಬೆರಳು ಎಲ್ಲಿರುತ್ತದೆ ಅಂತ ಅವರಿಗೆ ಕಾಲೇಜಿನಿಂದ ಗೊತ್ತು. ಈಗ ಅಲ್ಲಿರಲಿಲ್ಲ. ಅವರು ಅವನ ಕೈ ನೋಡುತ್ತಲೇ ಎರಡನೆಯ ಚರಣ ಹಾಡಿದರು. ಮೂರನೆಯದರಲ್ಲಿ ಆ ಮಾತು ಬಂತು. ಎತ್ತಿದರು. ಧ್ವನಿ ಅರ್ಧಕ್ಕೆ ಒಡೆದು ನಿಂತಿತು. ಮುಂದಿನ ಸಾಲಿಗೆ ಸೇರಿಕೊಂಡು ಹಾಡು ಮುಗಿಸಿದರು. ನಾನು ತಲೆ ತಗ್ಗಿಸಿ ಕೈಯಲ್ಲಿದ್ದ ಲಿಸ್ಟನ್ನೇ ನೋಡುತ್ತಿದ್ದೆ. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಜನಕ್ಕೆ ಗೊತ್ತಾಯಿತೇ? ಎಲ್ಲಿ ಬಂತು. ಅಷ್ಟೇ ಜೋರಾಗಿ ಚಪ್ಪಾಳೆ ಬಿತ್ತು. ನನ್ನ ಪಕ್ಕದಲ್ಲಿದ್ದವರು ಮೊಬೈಲಿನಲ್ಲಿ ಪೂರ್ತಿ ಹಾಡು ಹಿಡಿದುಕೊಂಡು "ಮಸ್ತ್ ಹಾಡಿದ್ರು ಅಲ್ಲೇನ್ರಿ?" ಅಂದರು. ಯಾರಿಗಾಗಿ ಇಷ್ಟು ವರ್ಷ ಆ ಎತ್ತರದ ಚಿಂತೆ ಮಾಡಿದ್ದೋ, ಅವರಿಗೆ ಅದು ಇದ್ದದ್ದೂ ಹೋದದ್ದೂ ಒಂದೇ.

ಉಳಿದ ನಾಲ್ಕು ಹಾಡನ್ನು ವಿರುಪಾಕ್ಷಣ್ಣ ಒಂದೂ ಬಿಡದೆ ಹಾಡಿದರು. ವ್ಯಾನಿನಲ್ಲಿ ವಾಪಸು ಬರುವಾಗ ಅದಿರಿನ ಲಾರಿಗಳು ಒಂದರ ಹಿಂದೊಂದು ಎದುರಾಗುತ್ತಿದ್ದವು. ವಿರುಪಾಕ್ಷಣ್ಣ ಒಂದೇ ಪ್ರಶ್ನೆ ಕೇಳಿದರು.

"ಯಾವಾಗಿಂದ?"

"ನಾಕು ವರ್ಷಾತಣ್ಣ," ಅಂದ ಶೇಖರ.

ಅಲ್ಲಿಂದ ಮುಂದಿನ ಭಾನುವಾರದವರೆಗೆ ಅವರು ಯಾರ ಫೋನೂ ಎತ್ತಲಿಲ್ಲ. ನಮ್ಮನೆಯವರು ಊಟ ಸೇರದೆ ಒಳಗೂ ಹೊರಗೂ ಓಡಾಡಿದರು. ಪ್ರಾಕ್ಟೀಸ್ ಅವರ ಗಿರಣಿಯಲ್ಲೇ ಅಲ್ಲವೇ, ಗೋಡೌನಿಗೆ ಬೀಗ ಬಿದ್ದಿದ್ದರೆ ಬ್ಯಾಂಡು ಮುಗಿಯಿತು ಅಂತಲೇ. ಸನ್ಮಾನ ಇಟ್ಟವಳು ನಾನು. ಕ್ಷಮೆ ಕೇಳಬೇಕಿತ್ತು. ಭಾನುವಾರ ನಾನೂ ಕಂಪ್ಲಿಗೆ ಹೋದೆ.

ಬೀಗ ಇರಲಿಲ್ಲ. ವಿರುಪಾಕ್ಷಣ್ಣ ಅಕ್ಕಿ ಚೀಲದ ಮೇಲೆ ಕೂತಿದ್ದರು. ಶೇಖರ, ಮೇಷ್ಟ್ರು ಆಗಲೇ ಬಂದು ದೂರ ನಿಂತಿದ್ದರು.

"ತಪ್ಪು ನಂದಣ್ಣ," ಅಂದೆ. "ಸನ್ಮಾನ ಅಲ್ಲಿ ಇಡಬಾರದಿತ್ತು."

"ನಿಂದೇನೈತಿ ತಂಗಿ. ನೀ ಇಡಲಿಲ್ಲಂದ್ರ ನನಗ ಗೊತ್ತ ಆಗ್ತಿದ್ದಿಲ್ಲ." ಆಮೇಲೆ ಉಳಿದವರ ಕಡೆ ತಿರುಗಿದರು. "ಊರ ತುಂಬ ಹೇಳ್ಕೊಂಡು ತಿರುಗೀನಿ, ಧ್ವನಿ ಹಂಗ ಐತಿ ಅಂತ. ಒಬ್ಬರಾದ್ರೂ ಬಾಯಿ ಮುಚ್ಚಲೇ ಅನ್ನಬಾರದಾ?"

"ನೀನ ಅಂದಿದ್ದಿ," ಅಂದರು ನಮ್ಮನೆಯವರು, ನಿಧಾನವಾಗಿ. "ಅದು ಬರದ ದಿನ ಮೈಕ್ ಮುಟ್ಟಂಗಿಲ್ಲ ಅಂತ. ನೀ ಬಿಟ್ರ ನಾವೇನು ಮಾಡೂಣು?"

"ಅಂದಿದ್ದೆ. ಸಿಟ್ಟಿನ್ಯಾಗ ಮನುಷ್ಯ ನೂರು ಅಂತಾನ." ಜೇಬಿನಿಂದ ಮೌತ್ ಆರ್ಗನ್ ತೆಗೆದು ಚೀಲದ ಮೇಲಿಟ್ಟರು. "ಈ ನಾಕು ವರ್ಷದಾಗ ನಾ ಎಷ್ಟೋ ಸಲ ಚಲೋ ಹಾಡೀನಿ ಅನಿಸಿ ಮನೀಗೆ ಹೋಗೀನಿ. ಅದ್ರಾಗ ನಂದು ಎಷ್ಟು, ನಿಮ್ದು ಎಷ್ಟು, ಈಗ ಹೆಂಗ ಗೊತ್ತಾಗಬೇಕು?"

ಪ್ರೀತಿಯಿಂದ ಮಾಡಿದ ಮೋಸಕ್ಕೆ ಇಂಥ ಒಂದು ಬಾಲ ಇರುತ್ತದೆ ಅಂತ ನಾನು ಯೋಚಿಸಿಯೇ ಇರಲಿಲ್ಲ. ಅಪ್ಪನಿಗೆ ಗೊತ್ತಾಗಬಾರದು, ಅತ್ತೆಗೆ ಹೇಳಬೇಡಿ, ಪಾಪ ಅವರು ತಡೆದುಕೊಳ್ಳುವುದಿಲ್ಲ. ನಾವು ದಿನಾ ಆಡುವ ಮಾತುಗಳು. ತಡೆದುಕೊಳ್ಳುತ್ತಾರೋ ಇಲ್ಲವೋ ಅಂತ ಅವರನ್ನೇ ಕೇಳಿದವರು ಎಷ್ಟು ಜನ?

ವಿರುಪಾಕ್ಷಣ್ಣ ಎದ್ದರು. ಮೈಕ್ ಇದ್ದ ಕಡೆ ಹೋದರು. ಎತ್ತಿಕೊಳ್ಳುತ್ತಾರೋ ಬಿಡುತ್ತಾರೋ ಅಂತ ನಾವು ನೋಡುತ್ತ ನಿಂತೆವು.

"ಶೇಖರಾ, ತಂತಿ ಸಡಿಲ ಮಾಡು," ಅಂದರು. "ನನ್ನ ಮುಂದ ಮಾಡು."

ಶೇಖರ ಕೂತು ತಂತಿಗಳನ್ನು ಮೊದಲು ಹಳೆಯ ಎತ್ತರಕ್ಕೆ ಬಿಗಿದು, ಅಲ್ಲಿಂದ ಒಂದೊಂದನ್ನೇ ಇಳಿಸಿದ. ಅವರು ಕಣ್ಣು ಮುಚ್ಚಿ ಕೇಳುತ್ತ, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅನ್ನುತ್ತ ಹೋದರು.

ಗೆಳೆಯರು ನಾಲ್ಕು ವರ್ಷದಲ್ಲಿ ಕದ್ದು ಇಳಿಸಿದ್ದು ಎರಡು ಮನೆ, ಅವರು ತಾವೇ ಕೇಳಿ ಇಳಿಸಿಕೊಂಡದ್ದು ಮೂರು.