ಗೋಡೆಗೆ ಹೋದ ಮರಿಮಳಿ

ಮರವಂತೆಯ ಹೊಳೆಯಲ್ಲಿ ಮಳಿ, ಅಂದರೆ ಚಿಪ್ಪುಮೀನು, ಹೆಕ್ಕುವ ಹೆಂಗಸರಲ್ಲಿ ಜಲಜಳಷ್ಟು ಬಾಯಿ ಜೋರಿನವಳು ಇನ್ನೊಬ್ಬಳಿರಲಿಲ್ಲ. ಸೊಂಟದಾಳದ ನೀರಿಗಿಳಿದು ಕಾಲ್ಬೆರಳಲ್ಲೇ ಮಳಿ ಹುಡುಕುತ್ತಿದ್ದಳು. ಮಾಂಸ ಮಾರಿ, ಚಿಪ್ಪನ್ನು ಅಂಗಳದಲ್ಲಿ ರಾಶಿ ಹಾಕುತ್ತಿದ್ದಳು. ಆ ರಾಶಿಯನ್ನು ಕೇಳುವವರೇ ಇರಲಿಲ್ಲ, ಉಲ್ಲಾಸ್ ಶೆಟ್ಟರು ಬಿಜೂರಿನಲ್ಲಿ ಮನೆ ಕಟ್ಟಿಸಲು ಹೊರಡುವವರೆಗೆ.

ಶೆಟ್ಟರಿಗೆ ಸಿಮೆಂಟೆಂದರೆ ಆಗದು. ಕಲ್ಲು ಊರಿನ ಮುರಕಲ್ಲೇ, ಹಂಚು ಹಳೆಮನೆಯದು, ಬಾಗಿಲಿಗೆ ಹಿತ್ತಿಲ ಹಲಸು, ಗಾರೆಗೆ ಚಿಪ್ಪಿನ ಸುಣ್ಣ. ಒಳ್ಳೆಯ ಮನಸ್ಸೇ, ಇಲ್ಲವೆನ್ನಲಾಗದು. ಜಲಜಳ ಅಂಗಳದಲ್ಲಿ ನಿಂತು, “ಮಳೆಗಾಲದೊಳಗೆ ಬೇಕಾದಷ್ಟು ಚಿಪ್ಪು ಸಿಗುತ್ತಾ?” ಎಂದು ಕೇಳಿದರು. ರಾಶಿ ಸಾಲದೆಂದು ಅವಳಿಗೆ ಗೊತ್ತಿತ್ತು. ಬಾಯಿ ಕೇಳಬೇಕಲ್ಲ! “ಎಂತ ಹೇಳ್ತ್ರಿ, ಜಲಜ ಇದ್ದಲ್ ಚಿಪ್ಪಿಗ್ ಬರವಾ?” ಎಂದುಬಿಟ್ಟಳು.

ಬೇಸಗೆಯಲ್ಲಿ ಕುದ್ರುವಿನ ಬದಿಗೆ ಯಾರೂ ಕೈಹಾಕುವುದಿಲ್ಲ. ಹೊಳೆ ನಡುವಿನ ಆ ದಿಬ್ಬದ ಬುಡದಲ್ಲಿ ಉಗುರಿನಷ್ಟಿರುವ ಮರಿಮಳಿ ಬೆಳೆಯುತ್ತಿರುತ್ತದೆ. ಮುಂದಿನ ವರ್ಷದ ಊಟ ಅದು. ಕಾನೂನೇನಲ್ಲ, ಅತ್ತೆಯಿಂದ ಸೊಸೆಗೆ ಬಂದ ಕಟ್ಟು. ಆಡಿದ ಮಾತು ಉಳಿಸಿಕೊಳ್ಳಲು ಜಲಜ, ಉಳಿದ ಹೆಂಗಸರು ಇಲ್ಲದ ಹೊತ್ತು ನೋಡಿ, ಆ ಬದಿಯನ್ನೇ ಗೋರಿದಳು. ಚಿಪ್ಪು ಸುಡುವ ಗೂಡಿನಲ್ಲಿ ಅದೆಲ್ಲ ಬೆಂದು ಸುಣ್ಣವಾಯಿತು. ಹೊಸಮನೆ ಒಕ್ಕಲಿನ ದಿನ ಬಂದವರೆಲ್ಲ ಗೋಡೆ ಸವರಿ ಹೊಗಳಿದರು. ಜಲಜ ಪಾಯಸವನ್ನು ಎಲೆಯಲ್ಲೇ ಬಿಟ್ಟು ಎದ್ದಳು.

ಮರುವರ್ಷ ಹೊಳೆಯಲ್ಲಿ ಮಳಿಯೇ ಇಲ್ಲ. ಹೆಚ್ಚು ಪೆಟ್ಟು ಬಿದ್ದದ್ದು ನೆರೆಮನೆಯ ಬಾಬಿಗೆ. ಗಂಡನಿಲ್ಲದ ಬಾಬಿಗೂ ಅವಳ ಮಗಳು ಧನ್ಯಶ್ರೀಗೂ ಮಳಿಯೇ ಅನ್ನ. ಒಬ್ಬರು ಉಪ್ಪುನೀರಿನ ತಪ್ಪೆಂದರು, ಇನ್ನೊಬ್ಬರು ಮರಳು ತೆಗೆಯುವ ಹೊಯ್ಗೆ ದೋಣಿಯವರದ್ದೆಂದರು. ಜಲಜ ಎಲ್ಲದಕ್ಕೂ ತಲೆಯಾಡಿಸಿದಳು. ಅಷ್ಟು ಜೋರಿನ ಬಾಯಿ ಆಗ ಎಲ್ಲಿ ಸತ್ತಿತ್ತೋ! ಹೇಳಿದರೆ ಬಾಬಿ ದೂರವಾಗುತ್ತಾಳೆಂಬ ಹೆದರಿಕೆ. ಹೇಳದೆ ಅವಳ ಮುಖ ನೋಡಲಿಕ್ಕೂ ಆಗದು. ಮಾಡಿದ ತಪ್ಪು ಒಳಗೊಳಗೇ ಜಲಜಳನ್ನು ತಿನ್ನುತ್ತಿತ್ತು.

ಒಂದು ಬೆಳಿಗ್ಗೆ ಬಾಬಿ ಖಾಲಿ ಬುಟ್ಟಿ ಹಿಡಿದು ಬಂದು ಜಗಲಿಯಲ್ಲಿ ಕುಳಿತಳು.

“ನಂದೇ ತಪ್ಪ್ ಕಾಣ್ತ್, ಜಲಜಾ. ದೈವಕ್ಕೆ ಹರಕಿ ಹೇಳಿ ಒಪ್ಸ್‌ಲಿಲ್ಲೆ. ಅದ್ಕೇ ಹೊಳಿ ನಮ್ಮೇಲ್ ಮುನ್ಸ್ ಮಾಡಿತ್.”

ಜಲಜಳಿಗೆ ತಡೆಯಲಾಗಲಿಲ್ಲ. “ನಿನ್ ತಪ್ಪ್ ಅಲ್ಲ, ಬಾಬಿ. ಕುದ್ರು ಬದಿ ಗೋರದ್ದ್ ನಾನೇ. ಶೆಟ್ರ ಗೋಡಿಗೆ.”

ಬಾಬಿ ಬೈಯಲಿಲ್ಲ. ಬುಟ್ಟಿ ಕೆಳಗಿಟ್ಟು ಕೇಳಿದಳು: “ಮಾಂಸ ಎಂತ ಮಾಡ್ದೆ?”

“ಸಣ್ಣದ್ ಅಲ್ದಾ, ಮಾರುಕ್ ಆತಿಲ್ಲೆ. ಯಾರಾರೂ ಕಂಡ್ರೆ ಅಂದ್ಹೇಳಿ ತೆಂಗಿನ ಬುಡಕ್ಕೆ ಹಾಕಿ ಮುಚ್ಚ್‌ದೆ.”

“ಆಗ ನಮ್ ಧನ್ಯ ಜ್ವರ ಬಿಟ್ಟ್ ಎದ್ದಿತ್ತ್. ಮಳಿ ಸಾರ್ ಬೇಕ್ ಅಂದಿತ್ತ್. ನಾನ್ ನಿನ್ನತ್ರ ಒಂದ್ ಹಿಡಿ ಕೇಂಡಿದ್ದೆ. ನೀನ್ ಇಲ್ಲೆ ಅಂದೆ,” ಎಂದು ಬಾಬಿ ಬುಟ್ಟಿ ಎತ್ತಿಕೊಂಡು ಎದ್ದಳು.